ಊರಿನ ಅರಿವು ಮತ್ತು ನಿಸರ್ಗ ರಕ್ಷಣೆ

ಹಾವೇರಿಯಿಂದ ರಾಣೆಬೆನ್ನೂರಿನ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ನಡುವೆ ಮೋಟೆಬೆನ್ನೂರು ಸಿಗುತ್ತದೆ. ಬ್ಯಾಡಗಿಗೆ ಹೋಗುವವರು ಇಲ್ಲಿಯೇ ಹೊರಳಬೇಕು. 1930ರಲ್ಲಿ ಗಾಂಧೀಜಿಯವರೊಡನೆ ದಂಡಿಯವರೆಗೆ ಕಾಲ್ನಡಿಗೆಯಲ್ಲಿ ಸಾಗಿದ ಮೈಲಾರ ಮಹಾದೇವಪ್ಪನವರು ಹುಟ್ಟಿದ ಊರು ಇದು ಎಂಬುದನ್ನು ನೀವು ಬಲ್ಲಿರಿ. ನಾನು ಇಲ್ಲಿ ಹೇಳಹೊರಟಿರುವುದು ಸ್ವಾತಂತ್ರ್ಯ ಹೋರಾಟದ ಸಂಗತಿಯನ್ನಲ್ಲ. ಈ ಊರಿನ ಮತ್ತು ಇದರ ಸುತ್ತಲಿನ ಹತ್ತಾರು ಊರುಗಳ ಹೊಲ, ಕೆರೆ, ಗೋಮಾಳ, ಮರಗಳ ಸಂಗತಿಯನ್ನು.

ಈ ಸೀಮೆಯಲ್ಲಿ ಯಾವ ಹಳ್ಳಿಗೆ ಹೋದರೂ ಊರ ಮುಂದೆ ಒಂದು ಅರಳಿಯ ಕಟ್ಟೆ ಇರುತ್ತದೆ. ಸೀಮೆಯ ಅಂಚಿನಲ್ಲಿ ಒಂದು ಬನ್ನಿಯ ಮರ, ಬೇವಿನ ಬುಡದಲ್ಲಿ ಅರಿಸಿನ ಹಚ್ಚಿದ ದುರ್ಗವ್ವನ ಕಲ್ಲು, ಕೆರೆಯ ಏರಿಯ ಮೇಲೆ ಇನ್ನೊಂದು ಪುಟ್ಟ ಗುಡಿ ಇವೂ ಕಣ್ಣಿಗೆ ಬೀಳುತ್ತವೆ. ನಾಲ್ಕು ಅಕ್ಷರ ಕಲಿತವರು ಇವನ್ನು ನೋಡಿ, "ಇದೆಲ್ಲ ಮೌಢ್ಯ" ಎಂದು ನಕ್ಕು ಮುಂದೆ ಸಾಗುವುದುಂಟು. ಮತ್ತೆ ಕೆಲವರು, "ನಮ್ಮ ಪೂರ್ವಿಕರಿಗೆ ಇಂದಿನ ವಿಜ್ಞಾನವೆಲ್ಲ ಅಂದೇ ತಿಳಿದಿತ್ತು" ಎಂದು ಹಿಗ್ಗುತ್ತಾರೆ. ಮೊದಲನೆಯವರು ನೋಡದೆ ತಳ್ಳುತ್ತಾರೆ, ಎರಡನೆಯವರು ನೋಡದೆ ಕೊಂಡಾಡುತ್ತಾರೆ. ಹಳ್ಳಿಯ ಜನ ತಲೆಮಾರುಗಳಿಂದ ಕೂಡಿಟ್ಟುಕೊಂಡು ಬಂದ ಅರಿವು ಏನು, ಅದು ಎಲ್ಲಿ ಸರಿ, ಎಲ್ಲಿ ತಪ್ಪು, ಇಂದಿನ ಪರಿಸರ ರಕ್ಷಣೆಯ ಕಾರ್ಯಕ್ಕೆ ಅದರಿಂದ ದೊರೆಯುವ ನೆರವು ಎಷ್ಟು ಎಂಬುದನ್ನು ಕುಳಿತು ವಿಚಾರಿಸುವ ತಾಳ್ಮೆ ಇಬ್ಬರಲ್ಲಿಯೂ ಕಾಣದು.

ಮೊದಲು ಕೆರೆಯ ಮಾತನ್ನೇ ಎತ್ತಿಕೊಳ್ಳೋಣ. ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ತಾಲ್ಲೂಕುಗಳು ಮಲೆನಾಡಿನ ಮಳೆ ಮುಗಿದು ಬಯಲುಸೀಮೆಯ ಮಳೆ ಮೊದಲಾಗುವ ನೆಲ. ಇಲ್ಲಿ ಬೀಳುವ ಮಳೆ ಹೆಚ್ಚಲ್ಲ. ಬೀಳುವುದೂ ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಒಂದೇ ಸಂಜೆ ಧಾರಾಕಾರವಾಗಿ. ಹೀಗೆ ಅವಸರದಲ್ಲಿ ಬಂದು ಅವಸರದಲ್ಲಿ ಹೋಗುವ ನೀರನ್ನು ನಿಲ್ಲಿಸುವುದಕ್ಕೆ ಹಿಂದಿನವರು ಕಂಡುಕೊಂಡ ಉಪಾಯವೇ ಕೆರೆ. ಕರ್ನಾಟಕದಲ್ಲಿ ಸಣ್ಣವು ದೊಡ್ಡವು ಸೇರಿ ಸುಮಾರು 36,000 ಕೆರೆಗಳಿವೆ ಎಂದು ಲೆಕ್ಕ ಹೇಳುತ್ತಾರೆ. ಹಾವೇರಿಯ ಹೆಗ್ಗೇರಿ ಕೆರೆಯನ್ನು ನೀವು ನೋಡಿರಬಹುದು. ಮಾಸೂರಿನ ಬಳಿ, ಎರಡು ಗುಡ್ಡಗಳ ನಡುವೆ ಹರಿಯುವ ಕುಮುದ್ವತಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗದ ಕೆರೆಯ ಏರಿಯ ಮೇಲೆ ನಿಂತರೆ, ಯಂತ್ರಗಳಿಲ್ಲದ ಕಾಲದಲ್ಲಿ ಇಂಥ ಮಣ್ಣಿನ ರಾಶಿಯನ್ನು ಹೊತ್ತು ತಂದು ಹಾಕಿದವರ ತೋಳಬಲಕ್ಕಿಂತ, ಇಲ್ಲಿಯೇ ಕಟ್ಟಬೇಕೆಂದು ನಿಶ್ಚಯಿಸಿದವರ ಕಣ್ಣಳತೆ ಹೆಚ್ಚು ಬೆರಗು ಹುಟ್ಟಿಸುತ್ತದೆ.

ಕೆರೆಯೆಂದರೆ ನೀರು ತುಂಬಿದ ತಗ್ಗು ಮಾತ್ರವಲ್ಲ. ಅದಕ್ಕೆ ನೀರು ತರುವ ಹಳ್ಳಗಳಿವೆ, ಹೆಚ್ಚಾದ ನೀರನ್ನು ಹೊರಗೆ ಕಳಿಸುವ ಕೋಡಿಯಿದೆ, ಗದ್ದೆಗೆ ಅಳೆದು ಬಿಡುವ ತೂಬಿದೆ. ಮೇಲಿನ ಊರಿನ ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ತೂಬಿನ ಉಸ್ತುವಾರಿ ನೀರುಗಂಟಿಯದು. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬುದು ಅವನ ತಲೆಯಲ್ಲಿಯೇ ಇರುತ್ತಿತ್ತು. ಅವನಿಗೆ ಸಂಬಳವೆಂದು ಸುಗ್ಗಿಯಲ್ಲಿ ಊರವರು ಕಾಳು ಅಳೆದು ಕೊಡುತ್ತಿದ್ದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಒಕ್ಕಲಿಗರು ಬಂಡಿ ಕಟ್ಟಿಕೊಂಡು ಬಂದು ಹೂಳನ್ನು ಅಗೆದು ತಮ್ಮ ಹೊಲಗಳಿಗೆ ಹೇರುತ್ತಿದ್ದರು. ಮಳೆಯು ಯಾರದೋ ಹೊಲದಿಂದ ಕೊಚ್ಚಿ ತಂದ ಸಾರವತ್ತಾದ ಮಣ್ಣು ಹೀಗೆ ಮರಳಿ ಹೊಲಕ್ಕೆ ಹೋಗುತ್ತಿತ್ತು. ಕೆರೆಯ ಆಳವೂ ಉಳಿಯುತ್ತಿತ್ತು. ಮೊದಲ ಮಳೆಗೆ ಕೆರೆ ತುಂಬಿದ ದಿನ ಹೆಂಗಸರು ಬಾಗಿನ ತಂದು ಅರ್ಪಿಸುತ್ತಿದ್ದರು. ಆ ದಿನ ಊರಿಗೆ ಊರೇ ಏರಿಯ ಮೇಲೆ ನಡೆದಾಡುವುದರಿಂದ ಎಲ್ಲಿ ಬಿರುಕಿದೆ, ಎಲ್ಲಿ ನೀರು ಜಿನುಗುತ್ತಿದೆ ಎಂಬುದು ಹತ್ತು ಕಣ್ಣುಗಳಿಗೆ ಬೀಳುತ್ತಿತ್ತು.

ಈ ವ್ಯವಸ್ಥೆ ಏಕೆ ಸಡಿಲವಾಯಿತು? ಕೆರೆಗಳು ಸರ್ಕಾರದ ಇಲಾಖೆಗೆ ಸೇರಿದವು. ಊರಿನವರು, "ಕೆರೆ ಸರ್ಕಾರದ್ದು, ಹೂಳು ತೆಗೆಸುವುದೂ ಅವರದೇ ಕೆಲಸ" ಎಂದರು. ಕೊಳವೆ ಬಾವಿ ಬಂದಿತು. ತನ್ನ ಹೊಲದಲ್ಲಿಯೇ ತನಗೆ ಬೇಕಾದಾಗ ನೀರು ದೊರೆಯುವಾಗ ನೀರುಗಂಟಿಯ ಸರದಿಗೆ ಕಾಯುವವರು ಯಾರು? ಆದರೆ ಕೊಳವೆ ಬಾವಿಗೆ ನೀರುಣ್ಣಿಸುತ್ತಿದ್ದುದು ಅದೇ ಕೆರೆ ಎಂಬ ಮಾತು ಬಾವಿಗಳು ಒಂದೊಂದಾಗಿ ಬತ್ತಿದ ಮೇಲೆ ತಿಳಿಯಿತು. 2002ರಲ್ಲಿ ರಾಜ್ಯ ಸರ್ಕಾರವು ಜಲಸಂವರ್ಧನೆ ಯೋಜನಾ ಸಂಘವನ್ನು ಸ್ಥಾಪಿಸಿ, ಹಳ್ಳಿಗರದೇ ಸಂಘಗಳನ್ನು ಕಟ್ಟಿ ಕೆರೆಗಳನ್ನು ಅವುಗಳ ಕೈಗೆ ಕೊಡುವ ಪ್ರಯತ್ನ ಮಾಡಿತು. ತಜ್ಞರು ಬಹುಕಾಲದ ಮೇಲೆ ನೀರುಗಂಟಿಯ ಮನೆಯ ಬಾಗಿಲಿಗೆ ಬಂದರೆಂದೇ ಇದನ್ನು ತಿಳಿಯಬೇಕು. ಅವರು ಬರುವ ಹೊತ್ತಿಗೆ ಹಲವು ಊರುಗಳಲ್ಲಿ ಆ ಮನೆಯ ಮಗ ಪಟ್ಟಣ ಸೇರಿದ್ದನು.

ಇಷ್ಟು ಹೇಳಿ ಕೆರೆಯ ಹಳೆಯ ಕಾಲವನ್ನು ಸುವರ್ಣಯುಗವೆಂದು ವರ್ಣಿಸಿ ಮುಗಿಸಿದರೆ ಅದು ಅಪ್ರಾಮಾಣಿಕತೆಯಾದೀತು. ಆ ಕೆರೆಯ ನೀರನ್ನು ಮುಟ್ಟುವ ಹಕ್ಕು ಊರಿನ ಎಲ್ಲರಿಗೂ ಇರಲಿಲ್ಲ. ಕೆರೆ ತೋಡುವಾಗ ಬೇಕಾದ ಕೈಗಳೇ ನೀರು ತುಂಬುವಾಗ ಬೇಡವಾಗುತ್ತಿದ್ದವು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯುವುದಕ್ಕಾಗಿ ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ಸತ್ಯಾಗ್ರಹ ಹೂಡಬೇಕಾಯಿತು. ಹಳೆಯ ಅರಿವನ್ನು ಉಳಿಸಿಕೊಳ್ಳಬೇಕೆನ್ನುವವರು ಹಳೆಯ ಅನ್ಯಾಯವನ್ನು ಅದರೊಡನೆ ಗಂಟು ಕಟ್ಟಿ ತರಬಾರದು. ತೂಬು, ಕೋಡಿ, ಹೂಳಿನ ಲೆಕ್ಕ ನಮಗೆ ಬೇಕು. ಯಾರು ಯಾವ ಪಾವಟಿಗೆಯಲ್ಲಿ ನಿಲ್ಲಬೇಕೆಂಬ ಲೆಕ್ಕ ಬೇಡ.

ಇನ್ನು ಮರಗಳ ವಿಷಯ. ಕೊಡಗಿನಲ್ಲಿ ದೇವರಕಾಡುಗಳಿವೆ, ಅವುಗಳ ಸಂಖ್ಯೆ ಸಾವಿರಕ್ಕೂ ಮಿಕ್ಕಿದೆ. ಕರಾವಳಿಯಲ್ಲಿ ನಾಗಬನಗಳಿವೆ, ಸೊರಬ, ಸಿರಸಿಗಳ ಕಡೆ ಕಾನುಗಳಿವೆ. 1970ರ ದಶಕದಲ್ಲಿ ಮಾಧವ ಗಾಡ್ಗೀಳ ಮತ್ತು ವರ್ತಕ ಎಂಬ ವಿಜ್ಞಾನಿಗಳು ಪಶ್ಚಿಮ ಘಟ್ಟದ ಇಂಥ ದೇವರ ಬನಗಳನ್ನು ಸುತ್ತಿ ನೋಡಿ, ಸುತ್ತಲಿನ ಕಾಡು ಬೋಳಾದರೂ ಇವುಗಳಲ್ಲಿ ಹಳೆಯ ಮರಗಿಡಗಳು ಉಳಿದಿರುವುದನ್ನು ಬರೆದಿಟ್ಟರು. ನಮ್ಮ ಬಯಲುಸೀಮೆಯಲ್ಲಿ ಬನದಷ್ಟು ದೊಡ್ಡದು ವಿರಳ. ಇಲ್ಲಿ ದೇವರಿಗೆ ಸೇರಿದುದು ಹೆಚ್ಚಾಗಿ ಒಂದು ಮರ, ಇಲ್ಲವೇ ಒಂದು ಗುಡ್ಡ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ನವರಾತ್ರಿಯಲ್ಲಿ ಸಾವಿರಾರು ಒಕ್ಕಲಿಗರು ಏರಿ ಹೋಗುವುದು ಮಾಲತೇಶನ ದರ್ಶನಕ್ಕೆ ಮಾತ್ರವಲ್ಲ. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದು ಸಾಲಿನ ಕಾರಣಿಕದಲ್ಲಿ ಮುಂಬರುವ ಮಳೆಬೆಳೆಗಳ ಸೂಚನೆಯನ್ನು ಅವರು ಹುಡುಕುತ್ತಾರೆ. ಕಾರಣಿಕದಿಂದ ಮಳೆಯನ್ನು ತಿಳಿಯಬಹುದೆಂದು ನಾನು ನಂಬುವುದಿಲ್ಲ. ಆದರೆ ಅಷ್ಟು ಜನ ಒಂದೆಡೆ ಸೇರಿ ಮುಂದಿನ ವರ್ಷದ ಮಳೆಯನ್ನು ಕುರಿತು ಉಸಿರು ಬಿಗಿಹಿಡಿದು ಚಿಂತಿಸುವ ಆ ಒಂದು ಗಳಿಗೆಯನ್ನು ಯಾವ ಇಲಾಖೆಯ ಪ್ರಚಾರ ಸಭೆಯೂ ಉಂಟುಮಾಡಲಾರದು.

ದೇವರ ಹೆಸರಿನಲ್ಲಿ ಮರವನ್ನು ಕಾಯುವ ಪದ್ಧತಿ ನಮ್ಮದೊಬ್ಬರದೇ ಅಲ್ಲ. ಆಫ್ರಿಕ ಖಂಡದ ಪಶ್ಚಿಮದಲ್ಲಿ ನೈಜೀರಿಯ ಎಂಬ ದೇಶವಿದೆ. ಅದರ ನೈಋತ್ಯ ಭಾಗದಲ್ಲಿ ಯೊರುಬ ಎಂಬ ಜನ ಇದ್ದಾರೆ. 1986ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಪಾರಿತೋಷಕ ಪಡೆದ ವೋಲೆ ಸೋಯಿಂಕಾ ಆ ಜನಾಂಗದವರೇ. ಯೊರುಬರು ಇರೋಕೊ ಎಂಬ ಹೆಮ್ಮರದಲ್ಲಿ ಒಂದು ಚೇತನ ವಾಸಿಸುತ್ತದೆಂದು ನಂಬುತ್ತಾರೆ. ಅದನ್ನು ಮನಬಂದಂತೆ ಕಡಿಯಲು ಕೈ ಏಳುವುದಿಲ್ಲ. ಅವರಲ್ಲಿ ಇಫಾ ಎಂಬ ಒಂದು ಶಾಸ್ತ್ರವುಂಟು. 256 ಅಧ್ಯಾಯಗಳ ಅಪಾರ ಪದ್ಯರಾಶಿಯನ್ನು ಅದರ ಪಂಡಿತರು ಬಾಯಿಪಾಠದಿಂದಲೇ ಉಳಿಸಿಕೊಂಡು ಬಂದಿದ್ದಾರೆ; ಗಿಡಮೂಲಿಕೆಗಳ ತಿಳಿವಳಿಕೆಯೂ ಅದರಲ್ಲಿ ಹೆಣೆದುಕೊಂಡಿದೆ.

ಈ ನಾಡಿನ ಒಶೊಗ್ಬೊ ನಗರದ ಅಂಚಿನಲ್ಲಿ ಒಶುನ್ ಎಂಬ ನದೀದೇವತೆಯ ಬನವಿದೆ. ವಿಸ್ತಾರ 75 ಹೆಕ್ಟೇರು. ಅಲ್ಲಿ ಮರ ಕಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ, ಹೊಳೆಯಲ್ಲಿ ಮೀನು ಹಿಡಿಯುವಂತಿಲ್ಲ. ಹಿಂದೆ ಯೊರುಬರ ಹಲವು ಪಟ್ಟಣಗಳಿಗೆ ಇಂಥ ಬನಗಳಿದ್ದವು. ಅವುಗಳಲ್ಲಿ ಬಹುಪಾಲು ಅಳಿದುಹೋದವು. 20ನೆಯ ಶತಮಾನದ ನಡುವಿನಲ್ಲಿ ಹಳೆಯ ನಂಬಿಕೆ ಸಡಿಲವಾಗಿ ಒಶೊಗ್ಬೊದ ಬನಕ್ಕೂ ಕೊಡಲಿ ಬೀಳತೊಡಗಿದಾಗ ಊರಿನ ಕೆಲವು ಭಕ್ತರೂ ಕುಶಲಕರ್ಮಿಗಳೂ, ಆಸ್ಟ್ರಿಯ ದೇಶದಿಂದ ಬಂದು ಅಲ್ಲಿಯೇ ನೆಲೆನಿಂತ ಸುಸಾನ್ ವೆಂಗರ್ ಎಂಬ ಕಲಾವಿದೆಯೂ ಸೇರಿ ಅದರ ರಕ್ಷಣೆಗೆ ನಿಂತರು. 1965ರಲ್ಲಿ ಬನದ ಒಂದು ಭಾಗ ರಾಷ್ಟ್ರೀಯ ಸ್ಮಾರಕವಾಯಿತು. 2005ರಲ್ಲಿ ಯುನೆಸ್ಕೊ ಸಂಸ್ಥೆ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯ ಶ್ರದ್ಧೆಗೆ ಹೊಸ ಕಾನೂನು ಬೆಂಬಲವಾಗಿ ನಿಂತುದಕ್ಕೆ ಇದೊಂದು ಒಳ್ಳೆಯ ದೃಷ್ಟಾಂತ.

ಆದರೆ ಕಥೆ ಇಲ್ಲಿಗೇ ಮುಗಿಯಲಿಲ್ಲ. ಒಶುನ್ ನದಿಯ ಮೇಲ್ಭಾಗದಲ್ಲಿ ಅಕ್ರಮವಾಗಿ ಚಿನ್ನ ಅಗೆಯುವವರು ಬಿಟ್ಟ ಕೆಸರಿನಿಂದ ನದಿಯ ನೀರು ಕಂದು ಬಣ್ಣಕ್ಕೆ ತಿರುಗಿತು. ಹಬ್ಬಕ್ಕೆ ಬಂದ ಭಕ್ತರು ತೀರ್ಥವೆಂದು ಆ ನೀರನ್ನು ಕುಡಿಯಬಾರದೆಂದು 2022ರಲ್ಲಿ ಅಲ್ಲಿನ ಸರ್ಕಾರವೇ ಎಚ್ಚರಿಸಬೇಕಾಯಿತು. ಬನದೊಳಗೆ ದೇವತೆಯ ಮಾತು ನಡೆಯುತ್ತದೆ. ಬನದ ಹೊರಗೆ, ಹೊಳೆಯ ಮೇಲ್ಗಡೆ, ಆ ದೇವತೆಯನ್ನು ಅರಿಯದವರ ಗುದ್ದಲಿ ನಡೆಯುತ್ತದೆ. ನಮ್ಮ ತುಂಗಭದ್ರೆಯನ್ನೂ ನಾವು ತಾಯಿಯೆಂದೇ ಕರೆಯುತ್ತೇವೆ. 1980ರ ದಶಕದಲ್ಲಿ ಹರಿಹರ, ರಾಣೆಬೆನ್ನೂರುಗಳ ನಡುವಣ ದಂಡೆಯ ಮೀನುಗಾರರೂ ಒಕ್ಕಲಿಗರೂ ಹೊಳೆಗೆ ಸೇರುವ ಕಲ್ಮಷವನ್ನು ಕುರಿತು ಮೊರೆಯಿಟ್ಟಾಗ, ತಾಯಿಯೆಂದು ಕರೆದ ಮಾತ್ರಕ್ಕೆ ಹೊಳೆ ತಿಳಿಯಾಗಲಿಲ್ಲ. ಅರ್ಜಿ ಬರೆಯಬೇಕಾಯಿತು, ನೀರಿನ ಮಾದರಿಯನ್ನು ಪರೀಕ್ಷೆಗೆ ಕಳಿಸಬೇಕಾಯಿತು. ಶ್ರದ್ಧೆಗೆ ಗಡಿಯಿದೆ. ಆ ಗಡಿಯಾಚೆಗೆ ಕಾಯುವುದಕ್ಕೆ ರಸಾಯನಶಾಸ್ತ್ರವೂ ಕಾಯಿದೆಯೂ ಬೇಕು.

ಇನ್ನೊಂದು ಗಂಡಾಂತರವೂ ಇದೆ. ಅದು ಶ್ರದ್ಧಾವಂತರಿಂದಲೇ ಬರುವಂಥದು. ಬೇವಿನ ಬುಡದ ಕಲ್ಲಿಗೆ ಮೊದಲು ಒಂದು ಕಟ್ಟೆಯಾಗುತ್ತದೆ, ಕಟ್ಟೆಗೆ ಗೋಡೆಯಾಗುತ್ತದೆ, ಗೋಡೆಗೆ ಕಾಂಕ್ರೀಟಿನ ಚಾವಣಿಯಾಗುತ್ತದೆ. ಚಾವಣಿಗೆ ಅಡ್ಡಬಂದ ಕೊಂಬೆಯನ್ನು ಕಡಿಯುತ್ತಾರೆ. ಬುಡದ ಸುತ್ತ ಹಾಸುಗಲ್ಲು ಹಾಕಿ ಬೇರಿಗೆ ನೀರು ಇಳಿಯದಂತೆ ಮಾಡುತ್ತಾರೆ. ಕೆಲವು ವರ್ಷಗಳಲ್ಲಿ ಮರ ಒಣಗುತ್ತದೆ, ಗುಡಿ ಹೊಳೆಯುತ್ತದೆ. ಮರವಿದ್ದುದರಿಂದ ದೇವರು ಅಲ್ಲಿಗೆ ಬಂದನೆಂಬುದನ್ನು ಮರೆತು, ದೇವರಿಗೆ ನೆರಳು ಮಾಡುವ ಆತುರದಲ್ಲಿ ಆತನ ನೆರಳನ್ನೇ ಕಡಿದುಹಾಕುತ್ತೇವೆ. ಇಂಥ ಗುಡಿಗಳ ಪ್ರತಿಷ್ಠಾಪನೆಗೆ ನಾನೂ ಹೋಗಿ ಊಟಮಾಡಿ ಬಂದಿದ್ದೇನೆ. ಆಗ ಏನನ್ನೂ ಹೇಳಲಿಲ್ಲವೆಂಬ ನಾಚಿಕೆ ನನಗುಂಟು.

ಹಬ್ಬಗಳ ವಿಚಾರದಲ್ಲಿಯೂ ಹೀಗೆಯೇ ವಿವೇಚನೆ ಬೇಕು. ಸೀಗೆ ಹುಣ್ಣಿಮೆಯಲ್ಲಿ, ಎಳ್ಳ ಅಮಾವಾಸ್ಯೆಯಲ್ಲಿ ನಮ್ಮ ಕಡೆಯ ಒಕ್ಕಲಿಗರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಯ ನಡುವೆ ಚರಗ ಚೆಲ್ಲಿ, ಅಲ್ಲಿಯೇ ಕೂಡಿ ಉಣ್ಣುತ್ತಾರೆ. ಹೀಗೆ ಎರಚಿದ ಅನ್ನಕ್ಕೆ ಹಕ್ಕಿಗಳು ಬಂದು, ಅವು ಪೈರಿನ ಹುಳಗಳನ್ನೂ ತಿನ್ನುತ್ತವೆ. ಆದ್ದರಿಂದ ಇದು ಕೀಟನಾಶಕ್ಕೆ ಹಿಂದಿನವರು ಹೂಡಿದ ಉಪಾಯ ಎಂದು ಈಚೆಗೆ ಕೆಲವರು ಹೇಳುವುದುಂಟು. ಇರಬಹುದು. ಹಿಂದಿನವರು ಅದನ್ನು ತಿಳಿದೇ ಮಾಡಿದರೆಂದು ಹೇಳುವ ಅವಸರ ನನಗಿಲ್ಲ. ಎರಡು ಹೊಲಗಳನ್ನು ಆರಿಸಿ, ಒಂದರಲ್ಲಿ ಚರಗ ಚೆಲ್ಲಿ, ಇನ್ನೊಂದರಲ್ಲಿ ಬಿಟ್ಟು, ಹುಳಗಳನ್ನು ಎಣಿಸಿ ನೋಡಿದರೆ ಗೊತ್ತಾಗುವ ಸಂಗತಿ ಅದು. ನಾಗಪಂಚಮಿಯ ದಿನ ನೆಲವನ್ನು ಅಗೆಯಬಾರದು, ಉಳಬಾರದು ಎಂಬ ಕಟ್ಟುಪಾಡಿನಲ್ಲಿ ಹಾವಿನ ಬಗೆಗೆ ಒಂದು ಕರುಣೆಯಿದೆ. ಇಲಿಗಳನ್ನು ತಿಂದು ಕಾಳನ್ನು ಉಳಿಸುವ ಹಾವು ರೈತನ ಮಿತ್ರನೆಂಬುದು ನಿಜ. ಆದರೆ ಅದೇ ದಿನ ಹಾವಿಗೆ ಹಾಲೆರೆಯುತ್ತೇವೆ. ಹಾಲು ಹಾವಿನ ಆಹಾರವೇ ಅಲ್ಲ, ಬಲವಂತದಿಂದ ಕುಡಿಸಿದರೆ ಅದಕ್ಕೆ ಕೇಡು. ಒಂದೇ ಹಬ್ಬದಲ್ಲಿ ತಿಳಿವಳಿಕೆಯೂ ತಪ್ಪು ತಿಳಿವಳಿಕೆಯೂ ಅಕ್ಕಪಕ್ಕದಲ್ಲಿ ಕುಳಿತಿವೆ.

ಹೊಲಕ್ಕೆ ಬಂದರೆ ಈ ನಾಡಿನ ಅರಿವು ಹೆಚ್ಚು ಸ್ಪಷ್ಟವಾಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿಯನ್ನು ನೋಡದವರಿಲ್ಲ. ಸುಕ್ಕುಗಟ್ಟಿದ ಸಿಪ್ಪೆ, ಗಾಢವಾದ ಕೆಂಪು, ಕಡಿಮೆ ಖಾರ. ಡಬ್ಬಿ, ಕಡ್ಡಿ ಎಂಬ ಅದರ ತಳಿಗಳನ್ನು ನಮ್ಮ ಒಕ್ಕಲಿಗರು ವರ್ಷವರ್ಷವೂ ಒಳ್ಳೆಯ ಕಾಯಿಯನ್ನು ಆರಿಸಿ ಬೀಜಕ್ಕೆ ಎತ್ತಿಟ್ಟು ರೂಪಿಸಿದರು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಈ ಮೆಣಸಿನಕಾಯಿಯನ್ನು ಹಿಂದಿನಿಂದ ಒಂಟಿಯಾಗಿ ಬೆಳೆದವರಲ್ಲ. ಮಳೆಯನ್ನೇ ನಂಬಿದ ಎರೆಯ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಗಿಡ, ಹತ್ತಿ ಮೂರನ್ನೂ ಕೂಡಿಸಿ ಹಾಕುತ್ತಿದ್ದರು. ಉಳ್ಳಾಗಡ್ಡಿಯ ಬೇರು ಮೇಲ್ಮಣ್ಣಿನಲ್ಲಿಯೇ ಇದ್ದು ಅದು ಮೊದಲು ಕೈಗೆ ಬರುತ್ತದೆ. ಆಮೇಲೆ ಕಾಯಿ ಕೆಂಪಾಗುತ್ತದೆ. ಆಳಕ್ಕೆ ಬೇರಿಳಿಸಿದ ಹತ್ತಿ ಹಿಂಗಾರಿನ ತೇವದಲ್ಲಿ ಕೊನೆಗೆ ಒಡೆಯುತ್ತದೆ. ಮೊದಲ ಮಳೆ ಕೈಕೊಟ್ಟರೂ ಹಿಂದಿನ ಮಳೆ ಕೈಕೊಟ್ಟರೂ ಮೂರರಲ್ಲಿ ಒಂದಾದರೂ ಮನೆಗೆ ಬರುತ್ತಿತ್ತು. ಕೀಟ ಹತ್ತಿದರೆ ಹೊಲವೆಲ್ಲ ಒಮ್ಮೆಗೇ ಹಾಳಾಗುತ್ತಿರಲಿಲ್ಲ.

ಇಲ್ಲೊಂದು ಮಾತನ್ನು ಗಮನಿಸಬೇಕು. ಮೆಣಸಿನಕಾಯಿ ನಮ್ಮ ನೆಲದ ಬೆಳೆಯೇ ಅಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಅದು ಭಾರತಕ್ಕೆ ಬಂದಿತು. ಕೆಲವು ಶತಮಾನಗಳಲ್ಲಿ ಈ ಸೀಮೆಯ ರೈತರು ಹೊರಗಿನ ಒಂದು ಗಿಡವನ್ನು ತಮ್ಮ ಮಣ್ಣು, ಮಳೆ, ನಾಲಗೆಗಳಿಗೆ ಹೊಂದಿಸಿ, ಊರಿನ ಹೆಸರನ್ನೇ ಅದಕ್ಕೆ ಇಟ್ಟರು. ಆದ್ದರಿಂದ ಊರಿನ ಅರಿವು ಎಂದರೆ ಅನಾದಿಕಾಲದಿಂದ ಕದಲದೆ ನಿಂತ ಕಲ್ಲು ಎಂದು ತಿಳಿಯಬಾರದು. ಹೊಸದನ್ನು ಸ್ವೀಕರಿಸಿ, ಪರೀಕ್ಷಿಸಿ, ತಿದ್ದಿಕೊಳ್ಳುವ ಗುಣ ಅದಕ್ಕೆ ಇತ್ತು. ಈಗ ಹೊರಗಿನ ಸಂಕರ ತಳಿಗಳು ಬಂದು ಡಬ್ಬಿ, ಕಡ್ಡಿಗಳ ಬಿತ್ತನೆ ಕುಗ್ಗಿದೆ. ಸಂಕರ ತಳಿಯನ್ನು ನಾನು ದೂಷಿಸುವುದಿಲ್ಲ. ಇಳುವರಿ ಹೆಚ್ಚಾದರೆ ರೈತನಿಗೆ ಬೇಡವೇ? ಆದರೆ ಬೀಜವನ್ನು ಪ್ರತಿ ವರ್ಷ ಅಂಗಡಿಯಿಂದ ತರುವವನಿಗೆ ಕಾಯಿಯನ್ನು ಆರಿಸುವ ಕಣ್ಣು ಬೇಕಾಗುವುದಿಲ್ಲ. ಒಂದು ತಲೆಮಾರು ಆ ಕಣ್ಣನ್ನು ಬಳಸದಿದ್ದರೆ ಮುಂದಿನ ತಲೆಮಾರಿಗೆ ಅದು ಇರುವುದೇ ಇಲ್ಲ.

ಗೊಬ್ಬರದ ವಿಷಯವೂ ಹಾಗೆಯೇ. ಕೆರೆಯ ಹೂಳು ಹೊಲಕ್ಕೆ ಬರುತ್ತಿತ್ತು, ಸುಗ್ಗಿಯ ನಂತರ ಕುರುಬರು ತಮ್ಮ ಕುರಿಯ ಹಿಂಡುಗಳನ್ನು ಹೊಲದಲ್ಲಿ ರಾತ್ರಿ ನಿಲ್ಲಿಸುತ್ತಿದ್ದರು. ಹೊಲದವನು ಅವರಿಗೆ ಕಾಳು ಕೊಡುತ್ತಿದ್ದನು. ಇವೆಲ್ಲ ವಿರಳವಾದ ಮೇಲೆ ಭೂಮಿ ಚೀಲದ ಗೊಬ್ಬರವನ್ನೇ ಕಾಯತೊಡಗಿತು. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರು ನಡೆದು ಪ್ರಾಣಹಾನಿಯಾಯಿತು. ಆ ಸಾವಿನ ಹೊಣೆಯನ್ನು ಕುರಿಹಿಂಡಿಗೂ ಕೆರೆಯ ಹೂಳಿಗೂ ಅಂಟಿಸಹೊರಟಿಲ್ಲ. ಆದರೆ ಮುಂಗಾರು ಬಿದ್ದ ಹೊತ್ತಿಗೆ ಒಂದು ಚೀಲ ಗೊಬ್ಬರಕ್ಕಾಗಿ ಒಕ್ಕಲಿಗನು ಬಂದೂಕಿನ ಮುಂದೆ ನಿಲ್ಲಬೇಕಾದ ಸ್ಥಿತಿಗೆ ನಮ್ಮ ಬೇಸಾಯ ಹೇಗೆ ಬಂದು ತಲುಪಿತು ಎಂಬ ಪ್ರಶ್ನೆಯನ್ನು ಕೇಳದೆ ಇರಲಾಗುವುದಿಲ್ಲ.

ಈ ಭಾಗದ ಜನ ತಮ್ಮ ಅರಿವನ್ನು ತಾವೇ ನಂಬಿ ಎದ್ದು ನಿಂತ ಒಂದು ಸಂದರ್ಭವೂ ಇದೆ. ಅದನ್ನು ನೀವು ತಿಳಿದಿರಬೇಕು. 1984ರಲ್ಲಿ ಸರ್ಕಾರದ ಅರಣ್ಯ ನಿಗಮವೂ ಹರಿಹರದ ಒಂದು ಕಾರ್ಖಾನೆಯೂ ಪಾಲುದಾರರಾಗಿ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದವು. ಧಾರವಾಡ, ಚಿತ್ರದುರ್ಗ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರು ನೆಲದಲ್ಲಿ ನೀಲಗಿರಿ ಮುಂತಾದ ಮರಗಳನ್ನು ಬೆಳೆದು ಕಾರ್ಖಾನೆಗೆ ತಿರುಳು ಒದಗಿಸುವುದು ಅದರ ಉದ್ದೇಶ. ಇಂದಿನ ಹಾವೇರಿ ಜಿಲ್ಲೆ ಆಗ ಧಾರವಾಡಕ್ಕೆ ಸೇರಿತ್ತು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಕಡತಗಳಲ್ಲಿ ಆ ನೆಲವನ್ನು ಪಾಳುಭೂಮಿ ಎಂದು ಬರೆದಿದ್ದರು. ಹಳ್ಳಿಗರ ಕಣ್ಣಿಗೆ ಅದು ಪಾಳು ಆಗಿರಲಿಲ್ಲ. ದನಕರುಗಳ ಹುಲ್ಲು, ಒಲೆಯ ಪುಳ್ಳೆ, ನೇಗಿಲಿನ ಮರ, ಬಡವರ ಬೇಸಿಗೆಯ ಹಣ್ಣು ಎಲ್ಲವೂ ಅಲ್ಲಿಂದಲೇ ಬರುತ್ತಿದ್ದವು. ನೀಲಗಿರಿಯ ಎಲೆಯನ್ನು ಆಡು ಸಹ ಮುಟ್ಟುವುದಿಲ್ಲ ಎಂಬುದು ಕುರುಬರ ಹುಡುಗನಿಗೂ ಗೊತ್ತಿತ್ತು.

ಸಮಾಜ ಪರಿವರ್ತನ ಸಮುದಾಯವೆಂಬ ಸಂಸ್ಥೆಯೂ ಡಾಕ್ಟರ್ ಶಿವರಾಮ ಕಾರಂತರೂ ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ನ್ಯಾಯಾಲಯದ ಕಲಾಪಕ್ಕಿಂತ ಹೆಚ್ಚಾಗಿ 1987ರ ನವೆಂಬರ್ 14. ಅಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಎಸ್. ಆರ್. ಹಿರೇಮಠರ ಮುಂದಾಳುತನದಲ್ಲಿ ಹಳ್ಳಿಗರು ಸೇರಿ, ಮೊದಲೇ ತಿಳಿಸಿ, ಮುಚ್ಚುಮರೆಯಿಲ್ಲದೆ ಒಂದಷ್ಟು ನೀಲಗಿರಿ ಸಸಿಗಳನ್ನು ಕಿತ್ತರು; ಕಿತ್ತ ಜಾಗದಲ್ಲಿ ಹಣ್ಣು, ಮೇವು ಕೊಡುವ ಗಿಡಗಳನ್ನು ಹಚ್ಚಿದರು. 'ಕಿತ್ತಿಕೊ ಹಚ್ಚಿಕೊ' ಎಂದು ಆ ಸತ್ಯಾಗ್ರಹಕ್ಕೆ ಹೆಸರು. ನಾಲ್ಕು ವರ್ಷಗಳ ಹಿಂದೆ, 1983ರಲ್ಲಿ, ಸಿರಸಿಯ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡು ಉಳಿಸಿದ್ದರು. ಇವರು ಕಿತ್ತು ನೆಟ್ಟು ಉಳಿಸಿದರು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚಲಾಯಿತು. ಯಾವ ಮರ ಬೇಡ ಎಂದು ಹೇಳುವುದು ಸುಲಭ, ಯಾವ ಮರ ಬೇಕು ಎಂದು ಹೆಸರಿಟ್ಟು ಹೇಳಬಲ್ಲವರಿಗೇ ಅಂಥ ಸತ್ಯಾಗ್ರಹ ಸಾಧ್ಯ. ಕುಸನೂರಿನವರಿಗೆ ಹೆಸರುಗಳು ಗೊತ್ತಿದ್ದವು.

ಪಾಳು ಎಂಬ ಒಂದು ಶಬ್ದ ಮಾಡಿದ ಹಾನಿಯನ್ನು ನೋಡಬೇಕಾದರೆ ರಾಣೆಬೆನ್ನೂರಿನ ಮಗ್ಗುಲಿಗೇ ಹೋಗಬಹುದು. ಕೃಷ್ಣಮೃಗಗಳ ರಕ್ಷಣೆಗೆಂದು 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರಿನ ವನ್ಯಧಾಮವನ್ನು ಘೋಷಿಸಿದರು. ನಮ್ಮ ಜನ ಚಿಗರಿ ಎಂದು ಕರೆಯುವ ಆ ಪ್ರಾಣಿಗೆ ಬೇಕಾದುದು ಬಯಲು ಹುಲ್ಲುಗಾವಲು. ದೂರಕ್ಕೆ ನೋಡುವುದೂ ಓಡುವುದೂ ಅದರ ಬದುಕು. ಆದರೆ ಆ ಬಯಲಿನ ಬಹುಭಾಗದಲ್ಲಿ ನೀಲಗಿರಿಯನ್ನು ನೆಟ್ಟಿದ್ದರು. ಮರವಿಲ್ಲದ ನೆಲ ಬರಿದಾದ ನೆಲ, ಅದರಲ್ಲಿ ಮರ ನೆಡುವುದೇ ಪುಣ್ಯ ಎಂಬ ಭಾವನೆ ಅಂದಿನ ತಜ್ಞರಲ್ಲಿ ಬಲವಾಗಿತ್ತು. ಎರೆಭೂತ ಎಂಬ ದೊಡ್ಡ ಹಕ್ಕಿಯೂ ಹಿಂದೆ ಅಲ್ಲಿ ಇರುತ್ತಿತ್ತು. ಹೆಸರಿನಲ್ಲಿಯೇ ಎರೆ ಇದೆ: ಬಯಲಾದ ಎರೆಯ ನೆಲವೇ ಅದರ ಮನೆ ಎಂಬುದನ್ನು ಆ ಹೆಸರಿಟ್ಟವರು ಬಲ್ಲವರಾಗಿದ್ದರು. ಈಗ ಆ ಹಕ್ಕಿ ರಾಣೆಬೆನ್ನೂರಿನಲ್ಲಿಲ್ಲ; ಇಡೀ ಜಗತ್ತಿನಲ್ಲಿಯೇ ಅವುಗಳ ಸಂಖ್ಯೆ ಇನ್ನೂರಕ್ಕೂ ಕಡಿಮೆ. ಚಿಗರಿಗಳು ಉಳಿದಿವೆ. ಅವು ವನ್ಯಧಾಮದ ಅಂಚನ್ನು ದಾಟಿ ಗೋವಿನಜೋಳದ ಹೊಲಗಳಿಗೆ ಬರುತ್ತವೆ. ಬೆಳೆ ಕಳೆದುಕೊಂಡ ರೈತನ ಸಿಟ್ಟೂ ನ್ಯಾಯವಾದುದೇ. ದೂರದಲ್ಲಿ ಕುಳಿತು ಪ್ರಾಣಿದಯೆಯನ್ನು ಬೋಧಿಸುವವರು ಆ ನಷ್ಟದ ಪಾಲನ್ನೂ ಹೊರಬೇಕು.

ಹಳೆಯ ಅರಿವು ಎಲ್ಲ ಕಾಲಕ್ಕೂ ಸಾಲುವುದೇ? ರೋಹಿಣಿ, ಮೃಗಶಿರ, ಆರಿದ್ರ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದು ಮಳೆಯ ಹೆಸರಿಟ್ಟು, ಯಾವ ಮಳೆಗೆ ಯಾವ ಬಿತ್ತನೆ ಎಂದು ಗೊತ್ತುಮಾಡಿದ ನಮ್ಮ ಮಳೆಲೆಕ್ಕ ಸಾಮಾನ್ಯವಾದುದಲ್ಲ. ಆದರೆ ವಾಯುಗುಣವೇ ಬದಲಾಗುತ್ತಿರುವ ಈ ದಿನಗಳಲ್ಲಿ ರೋಹಿಣಿಯಲ್ಲಿ ಬರಬೇಕಾದ ಮಳೆ ಪುಷ್ಯಕ್ಕೆ ಬರುವುದುಂಟು. ಸುಗ್ಗಿಯ ಹೊತ್ತಿನಲ್ಲಿ ಬಿದ್ದು ಕಣದ ಮೆಣಸಿನಕಾಯಿಯನ್ನು ಕೊಳೆಸುವುದೂ ಉಂಟು. ಹಿರಿಯರ ಲೆಕ್ಕ ತಪ್ಪಿತೆಂದು ಅವರನ್ನು ಹಳಿಯಬೇಕಾಗಿಲ್ಲ. ಅವರು ಲೆಕ್ಕ ಹಾಕಿದ ಆಕಾಶ ಬೇರೆ. ಇಲ್ಲಿ ಹವಾಮಾನ ಇಲಾಖೆಯ ಅಂಕಿಗಳೂ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆಗಳ ಪ್ರಯೋಗಗಳೂ ಬೇಕು. ಅಲ್ಲಿಯ ವಿಜ್ಞಾನಿಯೂ ಊರಿನ ಹಿರಿಯ ಒಕ್ಕಲಿಗನೂ ಒಂದೇ ಬದುವಿನ ಮೇಲೆ ಕುಳಿತು ಮಾತನಾಡಿದರೆ ಇಬ್ಬರಿಗೂ ಲಾಭವಿದೆ. ಆ ಮಾತುಕತೆಯಲ್ಲಿ ಬರಿಯ ಒಬ್ಬನೇ ಉಪದೇಶಕನಾಗಬಾರದು, ಅಷ್ಟೇ.

2002ರ ಜೈವಿಕ ವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ತನ್ನ ಮೇರೆಯೊಳಗಿನ ಗಿಡಮರ, ಪ್ರಾಣಿಪಕ್ಷಿ, ಬೆಳೆಯ ತಳಿ ಮತ್ತು ಅವುಗಳನ್ನು ಕುರಿತ ಜನರ ತಿಳಿವಳಿಕೆಯನ್ನು ಒಂದು ದಾಖಲೆಯ ಪುಸ್ತಕದಲ್ಲಿ ಬರೆದಿಡಬೇಕು. ಹೊರಗಿನಿಂದ ಬಂದವರು ಎರಡು ದಿನ ಇದ್ದು ತುಂಬಿಸಿ ಹೋದರೆ ಅಂಥ ಪುಸ್ತಕದಿಂದ ಪ್ರಯೋಜನ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಈ ಕೆಲಸಕ್ಕೆ ಊರಿನ ಶಾಲೆಯ ಮಕ್ಕಳಿಗಿಂತ ತಕ್ಕವರಿಲ್ಲ. ಅಜ್ಜಿ ಯಾವ ಎಲೆಯನ್ನು ಅರೆದು ಗಾಯಕ್ಕೆ ಹಚ್ಚುತ್ತಾಳೆ, ಕೆರೆಗೆ ಯಾವ ಯಾವ ಹಳ್ಳದಿಂದ ನೀರು ಬರುತ್ತಿತ್ತು, ಅವುಗಳಲ್ಲಿ ಈಗ ಯಾವುದು ಮುಚ್ಚಿಹೋಗಿದೆ, ಮೆಣಸಿನಕಾಯಿಯ ಬೀಜಕ್ಕೆ ಎಂಥ ಕಾಯಿಯನ್ನು ಆರಿಸುತ್ತಿದ್ದರು ಎಂದು ಕೇಳುವುದಕ್ಕೆ ಮಕ್ಕಳಿಗೆ ಸಂಕೋಚವಿಲ್ಲ. ಹೇಳುವುದಕ್ಕೆ ಹಿರಿಯರಿಗೂ ಬಿಗುಮಾನವಿಲ್ಲ. ಬರೆದುಕೊಳ್ಳುವಾಗ ಗಿಡದ ಹೆಸರನ್ನು ಊರಿನವರು ಉಚ್ಚರಿಸಿದಂತೆಯೇ ಬರೆಯಬೇಕು, ಅದರ ಪಕ್ಕದಲ್ಲಿ ಹೇಳಿದವರ ಹೆಸರನ್ನೂ, ಕೇಳಿದ ತಾರೀಖನ್ನೂ ಬರೆಯಬೇಕು. ಮೋಟೆಬೆನ್ನೂರಿನಲ್ಲಿ ಒಂದು ಹೆಸರು, ಮೂರು ಹರಿದಾರಿಯಾಚೆ ಇನ್ನೊಂದು ಹೆಸರು ಬಂದರೆ ಎರಡನ್ನೂ ಬರೆಯಬೇಕು. ಯಾವುದು ಸರಿ ಎಂದು ತಿದ್ದಹೋಗಬಾರದು. ಬೇಸಿಗೆಯ ರಜೆಯಲ್ಲಿ, ಕೆರೆಯ ತಳ ಕಾಣುವ ದಿನಗಳಲ್ಲಿ, ತೂಬಿನಿಂದ ಪ್ರಾರಂಭಿಸುವುದು ಒಳ್ಳೆಯದು.